ಶಾಲೆಯ ಲೆಕ್ಕ, ಮಗುವಿನ ಲೆಕ್ಕ: ಶಿಕ್ಷಣದಲ್ಲಿ ಪರಿಮಾಣಾತ್ಮಕ ಸಂಶೋಧನೆ ಮತ್ತು ಪುಣೆಯ ಪರಂಪರೆ

ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ, ವಾರ್ಷಿಕ ಪರೀಕ್ಷೆಯ ಫಲಿತಾಂಶದ ಪಟ್ಟಿ, ಈ ಮೂರು ದೇಶದ ಯಾವ ಶಾಲೆಯಲ್ಲಾದರೂ ದೊರೆಯುತ್ತವೆ. ಪ್ರತಿ ವರ್ಷ ಇವುಗಳಿಂದ ಕೆಲವು ಸಂಖ್ಯೆಗಳನ್ನು ಆಯ್ದು ನಮೂನೆಗಳಲ್ಲಿ ತುಂಬಿ ಮೇಲಧಿಕಾರಿಗಳಿಗೆ ಕಳುಹಿಸಲಾಗುತ್ತದೆ. ಶಾಲೆಯಿಂದ ಕ್ಲಸ್ಟರಿಗೆ, ತಾಲ್ಲೂಕಿಗೆ, ಜಿಲ್ಲೆಗೆ, ರಾಜಧಾನಿಗೆ ಈ ಸಂಖ್ಯೆಗಳು ಏರುತ್ತಾ ಹೋಗುತ್ತವೆ. ಆದರೆ ಹಾಗೆ ಏರಿದ ಸಂಖ್ಯೆ ಅರಿವಿನ ರೂಪದಲ್ಲಿ ಪುನಃ ಶಾಲೆಗೆ ಇಳಿದು ಬರುವುದು ಅಪರೂಪ. ಲೆಕ್ಕವೆಂದರೆ ಮೇಲಿನವರಿಗೆ ಒಪ್ಪಿಸುವ ವಸ್ತುವೆಂಬ ಭಾವನೆ ಶಿಕ್ಷಕರಲ್ಲಿ ಬೇರೂರಿರುವುದಕ್ಕೆ ಇದೇ ಮುಖ್ಯ ಕಾರಣ.

ಪರಿಮಾಣಾತ್ಮಕ ಸಂಶೋಧನೆ ಎಂಬ ಮಾತು ಭಾರವಾಗಿ ಕೇಳಿಸಿದರೂ ಅದರ ತಿರುಳು ಸರಳವಾದುದು. ಒಂದು ಸ್ಪಷ್ಟ ಪ್ರಶ್ನೆಯನ್ನು ಇಟ್ಟುಕೊಂಡು, ಎಣಿಸಬಹುದಾದುದನ್ನು ಎಣಿಸಿ, ಅಳೆಯಬಹುದಾದುದನ್ನು ಅಳೆದು, ದೊರೆತ ಸಂಖ್ಯೆ ಆ ಪ್ರಶ್ನೆಗೆ ನಿಜವಾಗಿ ಉತ್ತರ ಕೊಡುತ್ತದೆಯೇ ಎಂದು ಪರಿಶೀಲಿಸುವುದೇ ಅದು. ಈ ಕೊನೆಯ ಪರಿಶೀಲನೆಯೇ ಸಂಶೋಧನೆಗೂ ನಮೂನೆ ತುಂಬುವ ಕೆಲಸಕ್ಕೂ ಇರುವ ವ್ಯತ್ಯಾಸ. ನಮ್ಮ ದೇಶದಲ್ಲಿ ಶಾಲಾ ಶಿಕ್ಷಣದ ಬಗ್ಗೆ ಇಂತಹ ಪರಿಶೀಲನೆಯ ಪರಂಪರೆ ಬೆಳೆದ ಸ್ಥಳಗಳಲ್ಲಿ ಪುಣೆ ನಗರಕ್ಕೆ ವಿಶೇಷ ಸ್ಥಾನವಿದೆ. ಅಲ್ಲಿನ ಅನುಭವದಲ್ಲಿ, ಒಂದು ಸಂಖ್ಯೆಯನ್ನು ತಪ್ಪಾಗಿ ಓದಿದಾಗ ಮಕ್ಕಳಿಗೆ ಆಗುವ ನಷ್ಟವೂ, ಅದೇ ಸಂಖ್ಯೆಯನ್ನು ಬಿಡಿಸಿ ನೋಡಿದಾಗ ದೊರೆಯುವ ಲಾಭವೂ ಒಟ್ಟಿಗೆ ಕಾಣಸಿಗುತ್ತವೆ.

ಗಣಿತದ ಅಧ್ಯಾಪಕರೊಬ್ಬರ ಮಸೂದೆ

ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಗೋಪಾಲಕೃಷ್ಣ ಗೋಖಲೆಯವರು ರಾಜಕಾರಣಿಯಾಗಿ ಪ್ರಸಿದ್ಧರಾಗುವ ಮೊದಲು ಗಣಿತವನ್ನು ಬೋಧಿಸಿದವರು. ಅವರು ರಚಿಸಿದ ಅಂಕಗಣಿತದ ಪಠ್ಯಪುಸ್ತಕ ವ್ಯಾಪಕವಾಗಿ ಬಳಕೆಯಲ್ಲಿತ್ತು. ಈ ಹಿನ್ನೆಲೆ ಅವರ ಶಾಸನಸಭೆಯ ಕಾರ್ಯದಲ್ಲಿ ಎದ್ದು ಕಾಣುತ್ತದೆ. 1910ರಲ್ಲಿ ಸಾಮ್ರಾಜ್ಯ ಶಾಸನಸಭೆಯ ಮುಂದೆ ಪ್ರಾಥಮಿಕ ಶಿಕ್ಷಣದ ಬಗ್ಗೆ ನಿರ್ಣಯವನ್ನೂ, 1911ರ ಮಾರ್ಚ್ 16ರಂದು ಅದೇ ವಿಷಯದ ಮಸೂದೆಯನ್ನೂ ಮಂಡಿಸಿದಾಗ ಅವರು ಆಧರಿಸಿದ್ದು ಒಂದು ಸಂಖ್ಯೆಯನ್ನು: ಬ್ರಿಟಿಷ್ ಭಾರತದ ಜನಸಂಖ್ಯೆಯಲ್ಲಿ ಪ್ರಾಥಮಿಕ ಶಾಲೆಯಲ್ಲಿದ್ದವರು ಶೇಕಡ 1.9 ಮಾತ್ರ. ಇಂಗ್ಲೆಂಡ್, ಅಮೆರಿಕಗಳಲ್ಲಿ ಈ ಪ್ರಮಾಣ ಅನೇಕ ಪಟ್ಟು ಹೆಚ್ಚಾಗಿತ್ತು. ಸ್ವದೇಶದಲ್ಲಿಯೇ ಬರೋಡಾ ಸಂಸ್ಥಾನ 1893ರಲ್ಲಿ ಅಮ್ರೇಲಿ ತಾಲ್ಲೂಕಿನಲ್ಲಿ ಕಡ್ಡಾಯ ಶಿಕ್ಷಣವನ್ನು ಪ್ರಯೋಗಿಸಿ ಮುಂದೆ ಇಡೀ ಸಂಸ್ಥಾನಕ್ಕೆ ವಿಸ್ತರಿಸಿತ್ತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಶೇಕಡ 1.9 ಎಂಬುದು ಇಡೀ ಜನಸಂಖ್ಯೆಯ ಪಾಲು. ಮುದುಕರು, ಹಸುಗೂಸುಗಳು ಎಲ್ಲರೂ ಅದರ ಛೇದದಲ್ಲಿ ಸೇರಿದ್ದಾರೆ. ಶಾಲಾ ವಯಸ್ಸಿನವರು ಜನಸಂಖ್ಯೆಯ ಶೇಕಡ 15ರಷ್ಟಿರುತ್ತಾರೆಂದು ಅಂದಿನ ಸರ್ಕಾರಿ ವರದಿಗಳು ಹಿಡಿಯುತ್ತಿದ್ದ ರೂಢಿಯಂತೆ ಲೆಕ್ಕ ಹಾಕಿದರೆ, ಶಾಲಾ ವಯಸ್ಸಿನ ನೂರು ಮಕ್ಕಳಲ್ಲಿ ಸುಮಾರು 13 ಮಂದಿ ಶಾಲೆಯಲ್ಲಿದ್ದರು ಎಂದಾಗುತ್ತದೆ. ಎರಡೂ ಸಂಖ್ಯೆಗಳು ಸತ್ಯವೇ. ಆದರೆ ಯಾವುದರಲ್ಲಿ ಯಾವುದನ್ನು ಭಾಗಿಸಲಾಗಿದೆ ಎಂದು ತಿಳಿಯದೆ ಒಂದನ್ನು ಇನ್ನೊಂದರೊಡನೆ ಹೋಲಿಸಿದವನು ಮೋಸಹೋಗುತ್ತಾನೆ.

ಎಣಿಕೆಯೇನೂ ಅಂದು ಹೊಸತಾಗಿರಲಿಲ್ಲ. ಮದರಾಸಿನ ಗವರ್ನರ್ ಥಾಮಸ್ ಮನ್ರೋ ಅವರ 1822ರ ಆದೇಶದಂತೆ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರಲ್ಲಿ ಸಲ್ಲಿಸಿದ ವರದಿಯಲ್ಲಿ ಜಿಲ್ಲೆಯ 9,27,857 ಜನರಿಗೆ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರೆಂದು ದಾಖಲಾಗಿದೆ. ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಹೆಣ್ಣುಮಕ್ಕಳು 60 ಮಂದಿ. ಸಾವಿರ ಜನರಿಗೆ ಏಳು ವಿದ್ಯಾರ್ಥಿಗಳೆಂಬ ಈ ಲೆಕ್ಕ ಅತಿ ಕನಿಷ್ಠವೆಂದು ತೋರುತ್ತದೆ. ಆದರೆ ಅದೇ ಸಮೀಕ್ಷೆಯಲ್ಲಿ ಮದರಾಸು ನಗರದ ಕಲೆಕ್ಟರು ಶಾಲೆಯಲ್ಲಿ ಕಲಿಯುವವರು 5,523 ಎಂದೂ ಮನೆಯಲ್ಲಿ ಪಾಠ ಹೇಳಿಸಿಕೊಳ್ಳುವವರು 26,963 ಎಂದೂ ಬೇರೆಬೇರೆಯಾಗಿ ತಿಳಿಸಿದ್ದರು. ಕೇಳಿದ ಪ್ರಶ್ನೆ ಕಿರಿದಾದರೆ ಬರುವ ಉತ್ತರವೂ ಕಿರಿದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಕಿಲ್ಲ.

ಗೋಖಲೆಯವರ ಮಸೂದೆಯ ವಿಶೇಷವೆಂದರೆ ಅದರಲ್ಲಿ ಸಂಖ್ಯೆಯು ವಾದಕ್ಕೆ ಮಾತ್ರವಲ್ಲದೆ ಆಡಳಿತದ ಉಪಕರಣವಾಗಿಯೂ ಬಂದಿತು. ಯಾವ ಪ್ರದೇಶದಲ್ಲಿ ಈಗಾಗಲೇ ನಿಗದಿತ ಪ್ರಮಾಣದ ಮಕ್ಕಳು ಶಾಲೆಗೆ ಬರುತ್ತಿದ್ದಾರೋ ಅಲ್ಲಿ ಮಾತ್ರ ಸ್ಥಳೀಯ ಸಂಸ್ಥೆಗಳು ಕಡ್ಡಾಯವನ್ನು ಜಾರಿಗೊಳಿಸಬಹುದೆಂದು ಅದು ಹೇಳಿತು. ತಿಂಗಳಿಗೆ ಹತ್ತು ರೂಪಾಯಿಗೆ ಮೀರದ ವರಮಾನದ ತಂದೆತಾಯಿಗಳಿಗೆ ಶುಲ್ಕದಿಂದ ವಿನಾಯಿತಿ ಕೊಟ್ಟಿತು. 1912ರ ಮಾರ್ಚಿಯಲ್ಲಿ 13 ಮತಗಳ ವಿರುದ್ಧ 38 ಮತಗಳಿಂದ ಮಸೂದೆ ಬಿದ್ದುಹೋಯಿತು. ಈ ಸೋಲು ಕೂಡ ಒಂದು ಲೆಕ್ಕವೇ. ಆದರೆ ಪುಣೆಯಲ್ಲಿ ಅದು ಮರೆತುಹೋಗಲಿಲ್ಲ.

ನೂರರಲ್ಲಿ ಹದಿನೆಂಟು

1929ರಲ್ಲಿ ಸರ್ ಫಿಲಿಪ್ ಹಾರ್ಟಾಗ್ ಅವರ ಅಧ್ಯಕ್ಷತೆಯ ಸಮಿತಿಯು ಭಾರತದ ಶಿಕ್ಷಣವನ್ನು ಕುರಿತ ತನ್ನ ವರದಿಯಲ್ಲಿ ಎರಡು ಪದಗಳನ್ನು ಚಲಾವಣೆಗೆ ತಂದಿತು. ಪ್ರಾಥಮಿಕ ಹಂತವನ್ನು ಮುಗಿಸದೆ ಮಗು ಶಾಲೆ ಬಿಡುವುದು ‘ಅಪವ್ಯಯ’. ಒಂದೇ ತರಗತಿಯಲ್ಲಿ ಒಂದಕ್ಕಿಂತ ಹೆಚ್ಚು ವರ್ಷ ಉಳಿಯುವುದು ‘ಸ್ಥಗಿತತೆ’. ಸಮಿತಿ ಎತ್ತಿ ತೋರಿಸಿದ ಸಂಖ್ಯೆ ಆಘಾತಕಾರಿಯಾಗಿತ್ತು. 1922-23ರಲ್ಲಿ ಒಂದನೆಯ ತರಗತಿಯಲ್ಲಿದ್ದ ಪ್ರತಿ ನೂರು ಹುಡುಗರಿಗೆ ಮೂರು ವರ್ಷಗಳ ಬಳಿಕ, ಅಂದರೆ 1925-26ರಲ್ಲಿ, ನಾಲ್ಕನೆಯ ತರಗತಿಯಲ್ಲಿದ್ದವರು 18 ಮಂದಿ ಮಾತ್ರ.

ಇದರಿಂದ ಸಮಿತಿ ತೆಗೆದ ತೀರ್ಮಾನ, ಶಾಲೆಗಳನ್ನು ಅವಸರದಿಂದ ಹೆಚ್ಚಿಸುವುದನ್ನು ಬಿಟ್ಟು ಇರುವವುಗಳನ್ನು ಬಲಪಡಿಸಬೇಕು ಎಂಬುದು. ಕೇಳಲು ಇದು ವಿವೇಕದ ಮಾತಿನಂತಿದೆ. ಆದರೆ ಅದರ ಪರಿಣಾಮವಾಗಿ ಹೊಸ ಶಾಲೆಗಳ ವಿಸ್ತರಣೆಗೆ ಇದ್ದ ಉತ್ಸಾಹ ಪ್ರಾಂತ ಸರ್ಕಾರಗಳಲ್ಲಿ ಕುಗ್ಗಿತು. ಶಾಲೆಯನ್ನೇ ಕಾಣದ ಹಳ್ಳಿಗಳ ಮಕ್ಕಳು, ಶಾಲೆಯನ್ನು ಅರ್ಧಕ್ಕೆ ಬಿಟ್ಟ ಮಕ್ಕಳ ಲೆಕ್ಕಕ್ಕಾಗಿ ಕಾಯಬೇಕಾಯಿತು. ಮುಂಬಯಿ ಪ್ರಾಂತದ ಶಿಕ್ಷಣತಜ್ಞ ಆರ್. ವಿ. ಪರುಳೇಕರ್ ಅವರು ಅಂಕಿ-ಅಂಶಗಳನ್ನು ಮುಂದಿಟ್ಟು ಈ ನೀತಿಯನ್ನು ವಿರೋಧಿಸಿ, ನಿರಕ್ಷರತೆ ತುಂಬಿದ ದೇಶದಲ್ಲಿ ಮೊದಲು ವಿಸ್ತರಣೆಯೇ ಆಗಬೇಕೆಂದು ವಾದಿಸಿದರು.

ಹದಿನೆಂಟು ಎಂಬ ಸಂಖ್ಯೆ ಸುಳ್ಳಾಗಿರಲಿಲ್ಲ. ಅದು ಹೇಳುತ್ತದೆಂದು ಜನ ನಂಬಿದ ಅರ್ಥ ಮಾತ್ರ ಅದರಲ್ಲಿ ಪೂರ್ತಿಯಾಗಿ ಇರಲಿಲ್ಲ. ಇದನ್ನು ಅರಿಯಲು ಒಂದು ಕಲ್ಪಿತ ಶಾಲೆಯನ್ನು ತೆಗೆದುಕೊಳ್ಳೋಣ. ಶಿಕ್ಷಕರಾದವರು ಕಾಗದ ಪೆನ್ಸಿಲು ಹಿಡಿದು ಈ ಲೆಕ್ಕವನ್ನು ತಾವೇ ಮಾಡಿ ನೋಡುವುದು ಒಳ್ಳೆಯದು.

ಈ ಶಾಲೆಗೆ ಪ್ರತಿ ಜೂನ್ ತಿಂಗಳಲ್ಲಿ 40 ಹೊಸ ಮಕ್ಕಳು ಸೇರುತ್ತಾರೆ. ಒಂದನೆಯ ತರಗತಿಯಲ್ಲಿ ಪ್ರತಿ ವರ್ಷ ಅರ್ಧದಷ್ಟು ಮಕ್ಕಳು ನಪಾಸಾಗಿ ಅಲ್ಲಿಯೇ ಉಳಿಯುತ್ತಾರೆ. ಎರಡು, ಮೂರನೆಯ ತರಗತಿಗಳಲ್ಲಿ ಯಾರೂ ನಪಾಸಾಗುವುದಿಲ್ಲ. ಮುಖ್ಯವಾಗಿ, ಒಂದು ಮಗುವೂ ಶಾಲೆ ಬಿಡುವುದಿಲ್ಲ. ಕೆಲವು ವರ್ಷಗಳು ಕಳೆದ ಮೇಲೆ ಒಂದನೆಯ ತರಗತಿಯಲ್ಲಿ 40 ಹೊಸಬರೂ 40 ಹಳಬರೂ ಸೇರಿ 80 ಮಕ್ಕಳಿರುತ್ತಾರೆ. ಅವರಲ್ಲಿ ಅರ್ಧ, ಅಂದರೆ 40 ಮಂದಿ, ಮೇಲೇರುತ್ತಾರೆ. ಹೀಗೆ ಎರಡನೆಯ ತರಗತಿಯಲ್ಲಿ 40, ಮೂರರಲ್ಲಿ 40, ನಾಲ್ಕರಲ್ಲಿ 40. ಈಗ ಇನ್‌ಸ್ಪೆಕ್ಟರರು ಬಂದು ಹಾರ್ಟಾಗ್ ಸಮಿತಿಯ ಕ್ರಮದಲ್ಲಿ ಲೆಕ್ಕ ಹಾಕುತ್ತಾರೆ. ಒಂದನೆಯ ತರಗತಿಯಲ್ಲಿ ಆಗ 80, ನಾಲ್ಕನೆಯದರಲ್ಲಿ ಈಗ 40. ಅಪವ್ಯಯ ಶೇಕಡ 50. ಒಂದು ಮಗುವನ್ನೂ ಕಳೆದುಕೊಳ್ಳದ ಶಾಲೆಗೆ ಅರ್ಧ ಮಕ್ಕಳನ್ನು ಕಳೆದುಕೊಂಡ ಅಪಕೀರ್ತಿ!

ಆದರೆ ಈ ಶಾಲೆ ನಿರ್ದೋಷಿಯೂ ಅಲ್ಲ. ಅಲ್ಲಿ ಪ್ರತಿ ಮಗು ಒಂದನೆಯ ತರಗತಿಯಲ್ಲಿ ಸರಾಸರಿ ಎರಡು ವರ್ಷ ಕಳೆಯುತ್ತದೆ. 40 ಮಕ್ಕಳನ್ನು ನಾಲ್ಕು ತರಗತಿ ದಾಟಿಸಲು 160 ವರ್ಷಗಳ ಶಿಕ್ಷಣ ಸಾಕಾಗಬೇಕಾದಲ್ಲಿ 200 ವರ್ಷಗಳ ಶಿಕ್ಷಣ ವ್ಯಯವಾಗುತ್ತದೆ. ಎರಡು ಬಾರಿ, ಮೂರು ಬಾರಿ ಉಳಿದ ಮಗು ತನಗಿಂತ ಕಿರಿಯರ ನಡುವೆ ಕುಳಿತು ಅವಮಾನ ಅನುಭವಿಸುತ್ತದೆ. ಒಬ್ಬ ಶಿಕ್ಷಕರ ಮುಂದೆ 80 ಮಕ್ಕಳು ಇರುವುದರಿಂದಲೇ ಕಲಿಕೆ ಕುಂಠಿತವಾಗಿ ಇನ್ನಷ್ಟು ಮಂದಿ ನಪಾಸಾಗುತ್ತಾರೆ. ವಾಸ್ತವದ ಶಾಲೆಗಳಲ್ಲಿ ಇಂತಹ ಮಕ್ಕಳೇ ಮುಂದೆ ಶಾಲೆ ಬಿಡುವವರು. ಆದ್ದರಿಂದ ರೋಗವಿರುವುದು ನಿಜ. ಅದು ಎಲ್ಲಿದೆ ಎಂಬುದೇ ಪ್ರಶ್ನೆ. ‘ಬಡ ತಂದೆತಾಯಿಗಳಿಗೆ ಶಿಕ್ಷಣದ ಬೆಲೆ ಗೊತ್ತಿಲ್ಲ, ಮಕ್ಕಳನ್ನು ಬಿಡಿಸುತ್ತಾರೆ’ ಎಂಬುದು ಒಂದು ನಿದಾನ. ‘ಒಂದನೆಯ ತರಗತಿಯನ್ನು ನಡೆಸುವ ಕ್ರಮದಲ್ಲಿಯೇ ದೋಷವಿದೆ’ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಆಪಾದನೆ ಮನೆಯ ಮೇಲೆ, ಎರಡನೆಯದರಲ್ಲಿ ಹೊಣೆ ಶಾಲೆಯ ಮೇಲೆ. ನೂರರಲ್ಲಿ ಹದಿನೆಂಟು ಎಂಬ ಒಂಟಿ ಸಂಖ್ಯೆ ಇವೆರಡರಲ್ಲಿ ಯಾವುದು ಎಷ್ಟು ಎಂಬುದನ್ನು ಹೇಳಲಾರದು.

ಸಾತಾರದ ಎರಡು ತನಿಖೆಗಳು

ಈ ಗಂಟನ್ನು ಬಿಡಿಸುವ ಪ್ರಯತ್ನ ನಡೆದುದು ಪುಣೆಯ ಗೋಖಲೆ ರಾಜ್ಯಶಾಸ್ತ್ರ ಮತ್ತು ಅರ್ಥಶಾಸ್ತ್ರ ಸಂಸ್ಥೆಯಲ್ಲಿ. ಗೋಖಲೆಯವರು 1905ರಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜದ ಆಶ್ರಯದಲ್ಲಿ, ಸಾತಾರದ ರಾವ್ ಬಹಾದ್ದೂರ್ ಆರ್. ಆರ್. ಕಾಳೆಯವರ ದತ್ತಿಯಿಂದ 1930ರಲ್ಲಿ ಈ ಸಂಸ್ಥೆ ಆರಂಭವಾಯಿತು. ಅದರ ಪ್ರಥಮ ನಿರ್ದೇಶಕರು ಧನಂಜಯ ರಾಮಚಂದ್ರ ಗಾಡ್ಗೀಳ್. ಗ್ರಂಥಾಲಯದಲ್ಲಿ ಕುಳಿತು ಅರ್ಥಶಾಸ್ತ್ರ ಬರೆಯುವುದಕ್ಕಿಂತ ಹಳ್ಳಿ, ಸಂತೆ, ಹೊಲಗಳಿಗೆ ಹೋಗಿ ಸಮೀಕ್ಷೆ ನಡೆಸುವ ಪದ್ಧತಿಯನ್ನು ಅವರು ಬೆಳೆಸಿದರು. ಅವರ ಸಹೋದ್ಯೋಗಿ, ಸಂಖ್ಯಾಶಾಸ್ತ್ರಜ್ಞ ವಿ. ಎಂ. ದಾಂಡೇಕರ್ ಅವರು ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದರು. 1971ರಲ್ಲಿ ನೀಲಕಂಠ ರಥ್ ಅವರೊಡನೆ ಪ್ರಕಟಿಸಿದ ಭಾರತದ ಬಡತನದ ಅಧ್ಯಯನದಿಂದ ಅವರ ಹೆಸರು ದೇಶವ್ಯಾಪಿಯಾಯಿತು. ಆ ಪ್ರಸಿದ್ಧಿಯ ನೆರಳಿನಲ್ಲಿ ಶಾಲೆಗಳ ಬಗ್ಗೆ ಅವರು ಮಾಡಿದ ಕೆಲಸ ಮರೆಯಾಗಿದೆಯೆಂದರೆ ತಪ್ಪಲ್ಲ.

ಸಾತಾರ ಜಿಲ್ಲೆಯ ಪ್ರಾಥಮಿಕ ಶಿಕ್ಷಣವನ್ನು ಕುರಿತು ನಡೆದ ಎರಡು ತನಿಖೆಗಳ ವರದಿಗಳನ್ನು ಗಾಡ್ಗೀಳ್ ಮತ್ತು ದಾಂಡೇಕರ್ ಅವರ ಹೆಸರಿನಲ್ಲಿ ಸಂಸ್ಥೆಯು 1955ರಲ್ಲಿ ಒಟ್ಟಾಗಿ ಪ್ರಕಟಿಸಿತು. ಒಂದು ತನಿಖೆಯ ವಸ್ತು, ಶಾಲೆ ಬಿಟ್ಟವರು ಕಲಿತ ಅಕ್ಷರವನ್ನು ಮರೆಯುತ್ತಾರೆಯೇ ಎಂಬುದು. ನಾಲ್ಕು ವರ್ಷಗಳ ಶಾಲೆಯಿಂದ ಏನೂ ಉಳಿಯುವುದಿಲ್ಲವೆಂಬ ಮಾತು ಅಂದು ಸಾಮಾನ್ಯವಾಗಿತ್ತು. ಅದನ್ನು ಆಧಾರವಾಗಿಟ್ಟು ಹಳ್ಳಿಯ ಶಾಲೆಗೆ ಹಣ ಸುರಿಯುವುದು ವ್ಯರ್ಥವೆಂದು ವಾದಿಸಬಹುದಾಗಿತ್ತು. ಇದಕ್ಕೆ ಉತ್ತರ ಶಾಲೆಯೊಳಗೆ ಸಿಗುವುದಿಲ್ಲ. ಶಾಲೆ ಬಿಟ್ಟು ವರ್ಷಗಳಾದವರನ್ನು ಹುಡುಕಿಕೊಂಡು ಹೋಗಿ ಅವರಿಗೆ ಓದಲು ಬರೆಯಲು ಬರುತ್ತದೆಯೇ ಎಂದು ನೋಡಿದರೆ ಮಾತ್ರ ತಿಳಿಯುತ್ತದೆ. ಶಾಲೆಯಲ್ಲಿ ಕಳೆದ ವರ್ಷಗಳಿಗೂ ಅಕ್ಷರ ಉಳಿಯುವುದಕ್ಕೂ ನೇರ ಸಂಬಂಧವಿದೆಯೆಂಬುದು ಇಂತಹ ತನಿಖೆಯ ಪಾಠ. ಮೇಲ್ತರಗತಿ ತಲುಪಿದವರಲ್ಲಿ ಓದು ನಿಲ್ಲುತ್ತದೆ. ಆರಂಭದಲ್ಲಿಯೇ ಬಿಟ್ಟವರಲ್ಲಿ ಅಳಿಸಿಹೋಗುತ್ತದೆ.

ಇನ್ನೊಂದು ತನಿಖೆ ಅಪವ್ಯಯ ಮತ್ತು ಸ್ಥಗಿತತೆಯನ್ನು ಕುರಿತದ್ದು. ತರಗತಿಗಳ ಒಟ್ಟು ಸಂಖ್ಯೆಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡುವುದರ ಬದಲು ಮಕ್ಕಳ ಪ್ರಗತಿಯನ್ನೇ ಹಿಂಬಾಲಿಸಬೇಕು, ಉಳಿದವರನ್ನೂ ಬಿಟ್ಟವರನ್ನೂ ಪ್ರತ್ಯೇಕಿಸಬೇಕು ಎಂಬುದು ಇದರ ಮಹತ್ವ. ಮೇಲಿನ ಕಲ್ಪಿತ ಶಾಲೆಯಲ್ಲಿ ಕಂಡಂತೆ, ಒಂದೇ ಸಂಖ್ಯೆಯಂತೆ ತೋರುವುದು ಆಗ ಎರಡಾಗಿ ಒಡೆಯುತ್ತದೆ. ಒಂದನೆಯ ತರಗತಿಯ ಸಮಸ್ಯೆ ಮೇಲಿನ ತರಗತಿಗಳ ಸಮಸ್ಯೆಯಿಂದ ಬೇರೆಯಾಗಿ ಕಾಣುತ್ತದೆ.

ಇಂತಹ ಅರಿವು ಆಡಳಿತದ ಮೇಜನ್ನು ತಲುಪಿದ್ದು ಜೆ. ಪಿ. ನಾಯಕ್ ಅವರಂತಹವರ ಮೂಲಕ. ಕೊಲ್ಲಾಪುರ ಸೀಮೆಯ ನಾಯಕ್ ಅವರು 1930ರ ದಶಕದಲ್ಲಿ ಧಾರವಾಡ ಜಿಲ್ಲೆಯ ಉಪ್ಪಿನಬೆಟಗೇರಿಯಲ್ಲಿ ನೆಲೆಸಿ ಗ್ರಾಮಸೇವೆ ಮಾಡಿದವರಾದ್ದರಿಂದ ಕನ್ನಡನಾಡಿಗೆ ಅಪರಿಚಿತರಲ್ಲ. 1948ರಲ್ಲಿ ಮುಂಬಯಿಯಲ್ಲಿ ಆರಂಭವಾದ ಭಾರತೀಯ ಶಿಕ್ಷಣ ಸಂಸ್ಥೆಯ ಹಿಂದಿನ ಶಕ್ತಿ ಅವರೇ. 1976ರಲ್ಲಿ ಆ ಸಂಸ್ಥೆ ಪುಣೆಗೆ ಸ್ಥಳಾಂತರಗೊಂಡಿತು. 1964-66ರ ಕೊಠಾರಿ ಶಿಕ್ಷಣ ಆಯೋಗದ ಸದಸ್ಯ-ಕಾರ್ಯದರ್ಶಿಯಾಗಿ ಅವರು ದುಡಿದರು. ಒಂದನೆಯ ಮತ್ತು ಎರಡನೆಯ ತರಗತಿಗಳನ್ನು ನಡುವೆ ಪರೀಕ್ಷೆಯ ಗೋಡೆ ಇಲ್ಲದ ಒಂದೇ ಘಟಕವಾಗಿ ಪರಿಗಣಿಸಬೇಕೆಂಬ ಆಯೋಗದ ಶಿಫಾರಸು, ಮೊದಲ ತರಗತಿಯ ಸ್ಥಗಿತತೆಯ ಮೇಲೆ ನೇರವಾಗಿ ಬಾಣ ಹೂಡುವಂತಹದು. ಆರು ವರ್ಷದ ಮಗುವನ್ನು ಮೊದಲ ವರ್ಷದಲ್ಲಿಯೇ ನಪಾಸು ಮಾಡುವುದರಿಂದ ಯಾರಿಗೂ ಲಾಭವಿಲ್ಲವೆಂಬುದು ಹಳ್ಳಿಯ ಅನುಭವಿ ಶಿಕ್ಷಕರಿಗೆ ಗೊತ್ತಿದ್ದ ವಿಷಯವೇ. ಆದರೆ ಗೊತ್ತಿರುವುದನ್ನು ನಿಯಮವಾಗಿಸಬೇಕಾದರೆ ಅದರ ಗಾತ್ರವನ್ನು ತೋರಿಸಬೇಕಾಗುತ್ತದೆ.

ಪುಣೆಗೆ ಬಂದ ಬಳಿಕ ಸಂಸ್ಥೆಯು ಡಾ. ಚಿತ್ರಾ ನಾಯಕ್ ಅವರ ನೇತೃತ್ವದಲ್ಲಿ 1979ರಿಂದ ಪುಣೆ ಜಿಲ್ಲೆಯ ಹಳ್ಳಿಗಳಲ್ಲಿ ಅನೌಪಚಾರಿಕ ಶಿಕ್ಷಣದ ಕ್ರಿಯಾ ಸಂಶೋಧನೆ ಕೈಗೊಂಡಿತು. ಹಗಲು ದನ ಕಾಯುವ, ತಮ್ಮತಂಗಿಯರನ್ನು ನೋಡಿಕೊಳ್ಳುವ ಮಕ್ಕಳಿಗಾಗಿ ಸಂಜೆಯ ತರಗತಿಗಳು ನಡೆದವು. ಬಂದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಈ ಮಕ್ಕಳು ಊರಿನ ಮನೆ ಮನೆಯ ಲೆಕ್ಕ ತೆಗೆದಾಗ ಮಾತ್ರ ಕಣ್ಣಿಗೆ ಬೀಳುವವರು.

ಪುಸ್ತಕದಿಂದ ಮಾಯವಾದ ಸ್ಥಗಿತತೆ

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕು ಕಾಯಿದೆಯು ಎಂಟನೆಯ ತರಗತಿಯವರೆಗೆ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಉಳಿಸಿಕೊಳ್ಳಬಾರದೆಂದು ವಿಧಿಸಿತು. 2019ರ ತಿದ್ದುಪಡಿ ಐದು ಮತ್ತು ಎಂಟನೆಯ ತರಗತಿಗಳ ಮಟ್ಟಿಗೆ ಈ ನಿರ್ಬಂಧವನ್ನು ಸಡಿಲಿಸುವ ಅವಕಾಶವನ್ನು ಸರ್ಕಾರಗಳಿಗೆ ಕೊಟ್ಟಿತು. ಹೇಗಿದ್ದರೂ ಕೆಳಗಿನ ತರಗತಿಗಳಲ್ಲಿ ಸ್ಥಗಿತತೆ ಎಂಬುದು ದಾಖಲೆ ಪುಸ್ತಕದಿಂದ ಮರೆಯಾಯಿತು. ತರಗತಿಯಿಂದ ಮರೆಯಾಯಿತೇ? ಇದಕ್ಕೆ ದಾಖಲಾತಿಯ ಅಂಕಿಗಳಲ್ಲಿ ಉತ್ತರವಿಲ್ಲ. ಕಲಿಕೆಯನ್ನೇ ಅಳೆಯಬೇಕಾಗುತ್ತದೆ.

‘ಪ್ರಥಮ್’ ಸಂಸ್ಥೆಯ ಬೆಂಬಲದಿಂದ 2005ರಲ್ಲಿ ಆರಂಭವಾದ ‘ಅಸರ್’ ಸಮೀಕ್ಷೆ ಈ ಕೆಲಸವನ್ನು ಅತ್ಯಂತ ಸರಳ ಸಾಧನದಿಂದ ಮಾಡಿತು. ಸ್ವಯಂಸೇವಕರು ಹಳ್ಳಿಯ ಮನೆಗಳಿಗೆ ಹೋಗಿ, ಅಕ್ಷರ, ಪದ, ಒಂದನೆಯ ತರಗತಿಯ ಮಟ್ಟದ ಪರಿಚ್ಛೇದ, ಎರಡನೆಯ ತರಗತಿಯ ಮಟ್ಟದ ಕಥೆ ಇರುವ ಹಾಳೆಯನ್ನು ಮಗುವಿನ ಮುಂದಿಡುತ್ತಾರೆ. ಶಾಲೆಯಲ್ಲಿ ಅಲ್ಲ, ಮನೆಯಲ್ಲಿ. ಏಕೆಂದರೆ ಆ ದಿನ ಶಾಲೆಗೆ ಬಾರದವರೂ, ಶಾಲೆಗೆ ಸೇರದವರೂ ಎಣಿಕೆಯಲ್ಲಿ ಬರಬೇಕು. ಗ್ರಾಮೀಣ ಭಾರತದ ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಕಥೆಯನ್ನು ಓದಬಲ್ಲವರು 2018ರಲ್ಲಿ ಶೇಕಡ 50.5 ಇದ್ದು, ಕೋವಿಡ್ ಕಾಲದ ಶಾಲಾ ಮುಚ್ಚುಗಡೆಯ ಬಳಿಕ 2022ರಲ್ಲಿ ಶೇಕಡ 42.8ಕ್ಕೆ ಇಳಿದರು. ಹಾರ್ಟಾಗ್ ಕಾಲದಲ್ಲಿ ಒಂದನೆಯ ತರಗತಿಯಲ್ಲಿ ಸಿಕ್ಕಿಬಿದ್ದಿರುತ್ತಿದ್ದ ಮಗು ಈಗ ಐದನೆಯ ತರಗತಿಯಲ್ಲಿ ಕುಳಿತಿದೆ, ಅಷ್ಟೆ. ಬೆಂಚು ಬದಲಾಗಿದೆ.

ಈ ಮಗುವಿಗಾಗಿ ಏನು ಮಾಡಬೇಕು ಎಂಬಲ್ಲಿ ಎಣಿಕೆ ಮಾತ್ರ ಸಾಲದು, ಹೋಲಿಕೆ ಬೇಕು. 2001ರಿಂದ 2003ರವರೆಗೆ ಮುಂಬಯಿ ಮತ್ತು ವಡೋದರಾ ನಗರಗಳ ಪುರಸಭಾ ಶಾಲೆಗಳಲ್ಲಿ ‘ಬಾಲಸಖಿ’ ಎಂಬ ಪ್ರಯೋಗ ನಡೆಯಿತು. ಹಿಂದುಳಿದ ಮಕ್ಕಳನ್ನು ದಿನದ ಕೆಲಭಾಗ ತರಗತಿಯಿಂದ ಹೊರಗೆ ಕರೆದೊಯ್ದು ಸ್ಥಳೀಯ ಯುವತಿಯೊಬ್ಬರು ಮೂಲಪಾಠಗಳನ್ನು ಹೇಳಿಕೊಡುವ ಯೋಜನೆ ಅದು. ಯಾವ ಶಾಲೆಯ ಯಾವ ತರಗತಿಗೆ ಬಾಲಸಖಿ ದೊರೆಯಬೇಕೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ್ದರಿಂದ, ಫಲಿತಾಂಶದ ವ್ಯತ್ಯಾಸಕ್ಕೆ ಯೋಜನೆಯೇ ಕಾರಣವೆಂದು ಹೇಳುವುದು ಸಾಧ್ಯವಾಯಿತು. ಅಂಕಗಳು ಏರಿದವು, ಹೆಚ್ಚು ಏರಿದ್ದು ತೀರ ಹಿಂದುಳಿದವರಲ್ಲಿ. ಕೆಲ ಮಕ್ಕಳು ಹೊರಗೆ ಹೋದದ್ದರಿಂದ ಗಾತ್ರ ಕಿರಿದಾದ ಮೂಲ ತರಗತಿಯಲ್ಲಿ ಉಳಿದವರಿಗೆ ಗಮನಾರ್ಹ ಲಾಭವೇನೂ ಆಗಲಿಲ್ಲ. ತರಗತಿಯ ಗಾತ್ರ ಇಳಿಸಿದರೆ ಸಾಕು ಎಂದು ನಂಬಿದ್ದವರಿಗೆ ಇದು ಅನಿರೀಕ್ಷಿತ. ಈ ಅಧ್ಯಯನ ನಡೆಸಿದವರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಅವರು 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಗೆ ಪಾತ್ರರಾದರು.

ಸರಾಸರಿಯ ಮರೆಯಲ್ಲಿರುವವರು

ಎಲ್ಲ ಶಾಲೆಗಳೂ ಇಂತಹ ಪ್ರಯೋಗ ನಡೆಸಲಾರವು, ನಡೆಸಬೇಕಾಗಿಯೂ ಇಲ್ಲ. ಆದರೆ ಸರಾಸರಿಯನ್ನು ಒಡೆದು ನೋಡುವ ಅಭ್ಯಾಸ ಎಲ್ಲರಿಗೂ ಸಾಧ್ಯ. ಎರಡು ತರಗತಿಗಳ ಸರಾಸರಿ ಅಂಕ 50 ಇರಬಹುದು. ಒಂದರಲ್ಲಿ ಎಲ್ಲರೂ 45ರಿಂದ 55ರ ನಡುವೆ. ಇನ್ನೊಂದರಲ್ಲಿ ಅರ್ಧ ಮಂದಿ 80, ಅರ್ಧ ಮಂದಿ 20. ಮೊದಲನೆಯದಕ್ಕೆ ಒಂದು ಪಾಠ ಸಾಕು, ಎರಡನೆಯದಕ್ಕೆ ಎರಡು ಬೇಕು. ಸರಾಸರಿ ಮಾತ್ರ ಕಳುಹಿಸಿಕೊಟ್ಟ ಮುಖ್ಯೋಪಾಧ್ಯಾಯರು ಈ ವ್ಯತ್ಯಾಸವನ್ನು ಮೇಲಿನವರಿಂದ ಮಾತ್ರವಲ್ಲ, ತಮ್ಮಿಂದಲೇ ಮರೆಮಾಡಿಕೊಂಡಿರುತ್ತಾರೆ. ಹಾಗೆಯೇ ಎಂಟು ಮಕ್ಕಳಿರುವ ತರಗತಿಯಲ್ಲಿ ಒಬ್ಬ ಬಾಲಕನಿಗೆ ಪರೀಕ್ಷೆಯ ದಿನ ಜ್ವರ ಬಂದರೆ ಫಲಿತಾಂಶ ಶೇಕಡ 12.5 ಕುಸಿಯುತ್ತದೆ, ಅದಕ್ಕಾಗಿ ಶಿಕ್ಷಕರಿಗೆ ನೋಟೀಸು ಕಳುಹಿಸುವ ಆಡಳಿತಗಾರರು ಲೆಕ್ಕವನ್ನು ಅರಿತವರೆನಿಸಲಾರರು. ಬಹುಮಾನಕ್ಕೂ ದಂಡನೆಗೂ ಒಂದೇ ಸಂಖ್ಯೆಯನ್ನು ಆಧಾರವಾಗಿಸಿದ ಕ್ಷಣವೇ ಆ ಸಂಖ್ಯೆ ಕೆಡಲು ಆರಂಭಿಸುತ್ತದೆ. ಬಾರದ ಮಕ್ಕಳ ಹೆಸರು ಹಾಜರಿ ಪುಸ್ತಕದಲ್ಲಿ ವರ್ಷಗಟ್ಟಲೆ ಉಳಿಯುವುದು ಸುಮ್ಮನೆ ಅಲ್ಲ.

ಮಹಾರಾಷ್ಟ್ರದ ಕನ್ನಡ ಮಕ್ಕಳ ಸಂಗತಿ ಇಲ್ಲಿ ಪ್ರಸ್ತುತ. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಸಾಂಗ್ಲಿ ಜಿಲ್ಲೆಯ ಜತ್ತ ಮೊದಲಾದ ತಾಲ್ಲೂಕುಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಅವುಗಳ ಕನ್ನಡ ಪಠ್ಯಪುಸ್ತಕಗಳನ್ನು ಸಿದ್ಧಪಡಿಸುವುದು 1967ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ‘ಬಾಲಭಾರತಿ’ ಸಂಸ್ಥೆ. ಜಿಲ್ಲೆಯ ಸರಾಸರಿ ಫಲಿತಾಂಶದಲ್ಲಿ ಈ ಶಾಲೆಗಳು ಕರಗಿಹೋಗುತ್ತವೆ. ಅವು ಸರಾಸರಿಗಿಂತ ಮೇಲಿವೆಯೋ ಕೆಳಗಿವೆಯೋ ಎಂಬುದನ್ನು ಮಾಧ್ಯಮವಾರು ವಿಂಗಡಿಸಿದ ಹೊರತು ಯಾರೂ ಹೇಳಲಾರರು. ಇನ್ನು ಮನೆಯಲ್ಲಿ ಕನ್ನಡವಾಡುತ್ತ ಮರಾಠಿ ಶಾಲೆಗೆ ಸೇರಿದ ಮಗು ಮಾಧ್ಯಮವಾರು ವಿಂಗಡಣೆಯಲ್ಲಿಯೂ ಸಿಗುವುದಿಲ್ಲ. ಮನೆಮಾತನ್ನು ಕೇಳಿ ಬರೆದುಕೊಂಡರೆ ಮಾತ್ರ ಸಿಗುತ್ತದೆ. ಗಡಿಯ ಈಚೆಗೆ, ಬೆಳಗಾವಿ ಜಿಲ್ಲೆಯಲ್ಲಿ ಮರಾಠಿ ಮನೆಮಾತಿನ ಮಗುವಿಗೂ ಇದೇ ಮಾತು ಅನ್ವಯಿಸುತ್ತದೆ.

ಎಣಿಸುವ ದಿನವೂ ಮುಖ್ಯ. ದೇಶದ ಶಾಲಾ ಅಂಕಿ-ಅಂಶಗಳಿಗೆ ದೀರ್ಘಕಾಲ ಸೆಪ್ಟೆಂಬರ್ 30 ಆಧಾರದಿನವಾಗಿತ್ತು. ಬೀಡ್ ಮೊದಲಾದ ಜಿಲ್ಲೆಗಳಿಂದ ಕಬ್ಬು ಕಡಿಯುವ ಕುಟುಂಬಗಳು ಪಶ್ಚಿಮ ಮಹಾರಾಷ್ಟ್ರಕ್ಕೂ ಉತ್ತರ ಕರ್ನಾಟಕದ ಕಾರ್ಖಾನೆಗಳ ಸೀಮೆಗೂ ಹೊರಡುವುದು ಅಕ್ಟೋಬರ್-ನವೆಂಬರಿನಲ್ಲಿ, ಮರಳುವುದು ಮಾರ್ಚಿ-ಏಪ್ರಿಲಿನಲ್ಲಿ. ಸೆಪ್ಟೆಂಬರ್ 30ರಂದು ಅವರ ಮಕ್ಕಳು ತರಗತಿಯಲ್ಲಿಯೇ ಇರುತ್ತಾರೆ. ಎಣಿಕೆ ನಿಷ್ಕೃಷ್ಟ, ಆದರೆ ಒಂದು ತಿಂಗಳ ಬಳಿಕ ಅದೇ ತರಗತಿಯಲ್ಲಿ ಖಾಲಿ ಜಾಗಗಳಿರುತ್ತವೆ. ಇಂತಹ ಮಕ್ಕಳಿಗಾಗಿ ಕಾರ್ಖಾನೆಗಳ ಬಳಿ ‘ಸಾಖರ ಶಾಲೆ’ಗಳನ್ನು ತೆರೆಯಲು ಕಾರಣವಾದುದು ವಾರ್ಷಿಕ ದಾಖಲಾತಿಯ ಅಂಕಿಯಲ್ಲ, ಯಾರೋ ತಿಂಗಳುವಾರು ಗೈರುಹಾಜರಿಯನ್ನೂ, ಗುಡಿಸಲುಗಳಲ್ಲಿದ್ದ ಮಕ್ಕಳನ್ನೂ ಗಮನಿಸಿದ್ದು.

2022-23ರಿಂದ ‘ಯು-ಡೈಸ್ ಪ್ಲಸ್’ ವ್ಯವಸ್ಥೆಯಲ್ಲಿ ತರಗತಿಯ ಒಟ್ಟು ಸಂಖ್ಯೆಯ ಬದಲು ಪ್ರತಿ ವಿದ್ಯಾರ್ಥಿಯ ವಿವರವನ್ನು ದಾಖಲಿಸಲಾಗುತ್ತಿದೆ. ಸಾತಾರದ ತನಿಖೆಯಂತಹ ಕೆಲಸಕ್ಕೆ ಅಂದು ಬೇಕಾಗಿದ್ದ ಶ್ರಮದ ದೊಡ್ಡ ಭಾಗ ಇದರಿಂದ ತಾತ್ತ್ವಿಕವಾಗಿ ತಪ್ಪುತ್ತದೆ. ಆದರೆ ಇದಕ್ಕಾಗಿ ಯಾವ ಶಾಲೆಯೂ ಗಣಕಯಂತ್ರವನ್ನು ಕಾಯಬೇಕಾಗಿಲ್ಲ. ಐದು ವರ್ಷಗಳ ಹಿಂದೆ ಒಂದನೆಯ ತರಗತಿಗೆ ಸೇರಿದ ಮಕ್ಕಳ ಹೆಸರುಗಳನ್ನು ದಾಖಲಾತಿ ಪುಸ್ತಕದಿಂದ ಒಂದು ಹಾಳೆಗೆ ಇಳಿಸಿಕೊಂಡು, ಪ್ರತಿ ಹೆಸರಿನ ಮುಂದೆ ಈಗ ಆ ಮಗು ಎಲ್ಲಿದೆ, ಓದಲು ಬರುತ್ತದೆಯೇ, ಯಾವ ತಿಂಗಳುಗಳಲ್ಲಿ ಗೈರಾಗುತ್ತದೆ, ಮನೆಯಲ್ಲಿ ಯಾವ ಮಾತನಾಡುತ್ತದೆ ಎಂಬ ನಾಲ್ಕು ವಿವರಗಳನ್ನು ಬರೆದರೆ ಆಯಿತು. ನಲವತ್ತು ಹೆಸರುಗಳಿಗೆ ಒಂದು ಸಂಜೆಯ ಕೆಲಸ. ಕೆಲವು ಹೆಸರುಗಳ ಮುಂದೆ ಏನು ಬರೆಯಬೇಕೆಂಬುದು ಶಾಲೆಯಲ್ಲಿ ಯಾರಿಗೂ ತಿಳಿಯದಿರಬಹುದು. ಆ ಮನೆಗಳಿಗೆ ಮರುದಿನ ಹೋಗಬೇಕಾಗುತ್ತದೆ.